ಹೊಸ್ತಿಲ ಬಳಿ ನಿಂತುಬಿಡುವ ಕಾಲು

ನಿಮ್ಮ ಮನೆಯ ಹಿರಿಯರು ಬಾಗಿಲವರೆಗೆ ಚೆನ್ನಾಗಿಯೇ ನಡೆದು ಬಂದು, ಹೊಸ್ತಿಲ ಬಳಿ ನೆಲಕ್ಕೆ ಅಂಟಿದವರಂತೆ ನಿಂತುಬಿಡುತ್ತಾರೆಯೇ? ಕೈ ಹಿಡಿದು ಎಳೆಯಬೇಡಿ. ಪಾದ ಅಲ್ಲೇ ಉಳಿದು ದೇಹ ಮಾತ್ರ ಮುಂದೆ ಬರುತ್ತದೆ, ಅವರು ಬೀಳುತ್ತಾರೆ. ಇದು ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಾಣುವ ನಡಿಗೆಯ ತಡೆ. ಸಮತಟ್ಟಾದ ನೆಲದಲ್ಲಿ ತಡವರಿಸುವವರು ಕೆಲವೊಮ್ಮೆ ಮೆಟ್ಟಿಲನ್ನು ಸರಾಗವಾಗಿ ಹತ್ತುತ್ತಾರೆ. ಅದನ್ನು ಕಂಡು 'ನಾಟಕ' ಎನ್ನುವವರೂ ಇದ್ದಾರೆ. ನಾಟಕವಲ್ಲ, ಮೆಟ್ಟಿಲಿನ ಅಂಚು ಕಣ್ಣಿಗೆ ಗುರುತಾಗಿ ಕಾಲಿಗೆ ದಾರಿ ತೋರಿಸುತ್ತದೆ.

ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ನಶಿಸುವುದರಿಂದ, ಯೋಚಿಸದೆಯೇ ನಡೆಯುವ ಅಭ್ಯಾಸ ಕೈಕೊಡುತ್ತದೆ. ಲೆವೊಡೋಪಾ ಮಾತ್ರೆ ಈ ಕೊರತೆಯನ್ನು ಒಂದಷ್ಟು ತುಂಬುತ್ತದೆ. ವರ್ಷಗಳು ಕಳೆದಂತೆ ಅದರ ಪ್ರಭಾವ ಬೇಗ ಇಳಿಯತೊಡಗಿದರೆ, ಕೆಲವರಿಗೆ ವೈದ್ಯರು ಡಿ.ಬಿ.ಎಸ್. ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ. ಮೆದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸಿ, ಎದೆಯ ಚರ್ಮದಡಿಯ ಬ್ಯಾಟರಿಯಿಂದ ವಿದ್ಯುತ್ ಹಾಯಿಸುವ ವಿಧಾನವಿದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಾಬಿದ್ ಮತ್ತು ಸಂಗಡಿಗರು ಇದಕ್ಕೆ ಇಂದಿನ ರೂಪ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆಯಿದೆ.

ಖರ್ಚು ಲಕ್ಷಗಳಲ್ಲಿ. ಆದ್ದರಿಂದ ಸಾಲ ಮಾಡುವ ಮುನ್ನ ಒಂದನ್ನು ಗಮನಿಸಿ: ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲಿ ನಡಿಗೆ ಹೇಗಿರುತ್ತದೆ? ಆಗ ಸರಾಗವಾಗಿದ್ದರೆ ತಂತಿಯಿಂದಲೂ ಉಪಯೋಗವನ್ನು ನಿರೀಕ್ಷಿಸಬಹುದು. ಆಗಲೂ ಕಾಲು ತಡೆಯುತ್ತಿದ್ದರೆ, ಸಮತೋಲನ ತಪ್ಪುತ್ತಿದ್ದರೆ, ಸಾಮಾನ್ಯವಾಗಿ ತಂತಿಯೂ ಅದನ್ನು ಸರಿಪಡಿಸದು. ಕೈ ನಡುಕ ನಿಂತರೂ ಬೀಳುವುದು ನಿಲ್ಲದೆ ನಿರಾಶರಾಗುವವರು ಇಂಥವರೇ. ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ಅಯಸ್ಕಾಂತ ಅಥವಾ ಸೌಮ್ಯ ವಿದ್ಯುತ್ತಿನಿಂದ ಮೆದುಳನ್ನು ಪ್ರಚೋದಿಸುವ ವಿಧಾನಗಳು ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಜಾಹೀರಾತು ನೋಡಿ ಓಡಬೇಡಿ.

ಶಸ್ತ್ರಚಿಕಿತ್ಸೆ ಆದರೂ ಆಗದಿದ್ದರೂ ಕಾಲಿಗೆ ನಡಿಗೆಯನ್ನು ಮತ್ತೆ ಕಲಿಸಲೇಬೇಕು. ಫಿಸಿಯೋಥೆರಪಿಸ್ಟ್ ಬಳಿ ಕಲಿತು ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸಿ. ಬಾಗಿಲಲ್ಲಿ, ಓಣಿಯಲ್ಲಿ ಒಂದೊಂದು ಹೆಜ್ಜೆ ಅಂತರಕ್ಕೆ ಬಣ್ಣದ ಟೇಪ್ ಅಂಟಿಸಿ, ಗೆರೆ ದಾಟುವಂತೆ ಹೇಳಿ. 'ಒಂದು, ಎರಡು' ಎಂದು ತಾಳಕ್ಕೆ ಸರಿಯಾಗಿ ಎಣಿಸುವುದೂ ಹಲವರಿಗೆ ನೆರವಾಗುತ್ತದೆ. ಕಾಲು ತಡೆದಾಗ ನಿಲ್ಲಲಿ, ಉಸಿರೆಳೆದುಕೊಳ್ಳಲಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಹೊರಳಿಸಲಿ, ನಂತರ ದೊಡ್ಡದೊಂದು ಹೆಜ್ಜೆ ಇಡಲಿ. ನಿಂತಲ್ಲೇ ಗಿರಕ್ಕನೆ ತಿರುಗಬಾರದು, ಅಗಲವಾಗಿ ಸುತ್ತು ಹಾಕಿ ತಿರುಗಬೇಕು. ನಡೆಯುವಾಗ ಕೈಯಲ್ಲಿ ಚಹಾದ ಲೋಟ ಬೇಡ, ಹಿಂದಿನಿಂದ ಕರೆದು ಮಾತಾಡಿಸುವುದೂ ಬೇಡ.

ಮಾತ್ರೆಯನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಎಷ್ಟು ಗಂಟೆಗೆ ನುಂಗಿದರು, ಎಷ್ಟು ಗಂಟೆಗೆ ಕಾಲು ತಡೆಯಿತು ಎಂದು ಒಂದು ವಾರ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.