ಆಸ್ಪತ್ರೆಯ ಕೆಲಸಗಳನ್ನು ನಮ್ಮ ಮಕ್ಕಳಿಗೆ ತೋರಿಸುವ ಬಗೆ
(ಶಾಲೆ ಮತ್ತು ಆಸ್ಪತ್ರೆಗಳ ಸಹಕಾರ ಕುರಿತು ಸದಸ್ಯರಿಗೊಂದು ಪಾಠ)



ಕೊಳೆರೋಗ, ಬಿಳಿ ಕಾಂಡಕೊರಕ, ಮರಗಸಿ, ಗೊಬ್ಬರದ ಲೆಕ್ಕ: ನಮ್ಮ ಪತ್ರಿಕೆಯ ಪಾಠದ ಪುಟದಲ್ಲಿ ಸಾಮಾನ್ಯವಾಗಿ ಬರುವ ವಿಷಯಗಳಿವು. ಈ ಸಂಚಿಕೆಯಲ್ಲಿ ಮಕ್ಕಳ ಉದ್ಯೋಗದ ಬಗ್ಗೆ ಒಂದು ಪಾಠ ಬರೆಯಲು ಹೊರಟಿದ್ದೇನೆ. ಮೂರು ಎಕರೆ ತೋಟ ಇಬ್ಬರು ಮಕ್ಕಳಿಗೆ ಹಿಸ್ಸೆಯಾದರೆ ಉಳಿಯುವುದೆಷ್ಟು ಎಂಬ ಲೆಕ್ಕ ನಮಗೆಲ್ಲ ಗೊತ್ತಿದೆ. ಆದುದರಿಂದ ಒಂದು ಮಗುವಾದರೂ ಬೇರೆ ಉದ್ಯೋಗ ಹಿಡಿಯಲಿ ಎಂದು ಪ್ರತಿ ಮನೆಯಲ್ಲೂ ಹೇಳುತ್ತಾರೆ. ಯಾವ ಉದ್ಯೋಗ ಎಂದು ಕೇಳಿದರೆ ಮಾತ್ರ ಉತ್ತರ ಎರಡರಲ್ಲೇ ಮುಗಿಯುತ್ತದೆ: ಡಾಕ್ಟರು, ಇಲ್ಲವೇ ಎಂಜಿನಿಯರು.

ಇನ್ನೊಂದು ಕಡೆ, ಆಸ್ಪತ್ರೆಗೆ ಹೋದಾಗ "ಯಂತ್ರ ಇದೆ, ನಡೆಸುವವರಿಲ್ಲ" ಎಂಬ ಮಾತನ್ನು ನಾವೆಷ್ಟು ಸಲ ಕೇಳಿಲ್ಲ? ಹೊರಗಿನಿಂದ ನೇಮಕವಾಗಿ ಬಂದವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವರ್ಗಾವಣೆ ಕೇಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ಇಲ್ಲಿಯ ಮಳೆಗೆ, ಜಿಗಣೆಗೆ, ಸಂಜೆಯ ನಂತರ ಬಸ್ಸಿಲ್ಲದ ರಸ್ತೆಗೆ ಒಗ್ಗಿದವರೆಂದರೆ ಇಲ್ಲಿಯ ಮಕ್ಕಳೇ. ಆ ಮಕ್ಕಳಿಗೆ ಆಸ್ಪತ್ರೆಯ ಕೆಲಸಗಳನ್ನು ಪರಿಚಯಿಸುವುದು ಹೇಗೆ, ಅದರಲ್ಲಿ ಶಾಲೆಯ ಪಾಲೆಷ್ಟು, ಆಸ್ಪತ್ರೆಯ ಪಾಲೆಷ್ಟು, ಹಣ ಕಟ್ಟುವ ಮುನ್ನ ಪೋಷಕರು ಏನನ್ನು ವಿಚಾರಿಸಬೇಕು ಎಂಬುದೇ ಈ ಪಾಠದ ವಿಷಯ.

ಒಬ್ಬ ಕೊನೆಗಾರನ ಚಿಕಿತ್ಸೆಗೆ ಎಷ್ಟು ಜನ ಬೇಕು?

ನಮಗೆ ಪರಿಚಿತವಾದ ಸಂಗತಿಯಿಂದಲೇ ಆರಂಭಿಸೋಣ. ಕೊಯ್ಲಿನ ಕಾಲದಲ್ಲಿ ಕೊನೆಗಾರನೊಬ್ಬ ಅಡಿಕೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡನೆಂದು ಇಟ್ಟುಕೊಳ್ಳಿ. ಆತ ಮತ್ತೆ ನಡೆಯುವಂತಾಗಲು ಯಾರು ಯಾರು ಬೇಕು?

ಮೊದಲು 108ಕ್ಕೆ ಫೋನ್ ಮಾಡುತ್ತೇವೆ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರ ನವೆಂಬರ್‌ನಲ್ಲಿ ಆರಂಭವಾಯಿತು. ಆ ವಾಹನದಲ್ಲಿ ಬರುವ ತುರ್ತುಚಿಕಿತ್ಸಾ ತಂತ್ರಜ್ಞರು ಮುರಿದ ಕಾಲಿಗೆ ದಬ್ಬೆ ಕಟ್ಟಿ, ಬೆನ್ನು ಅಲುಗದಂತೆ ಮಲಗಿಸುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ನಾಡಿ ಮತ್ತು ರಕ್ತದೊತ್ತಡ ನೋಡಿ ಸಲೈನ್ ಹಾಕುತ್ತಾರೆ. ಎಕ್ಸ್-ರೇ ತೆಗೆಯಲು ರೇಡಿಯೋಗ್ರಾಫರ್ ಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್ ಪರೀಕ್ಷಿಸಲು ಪ್ರಯೋಗಾಲಯದ ತಂತ್ರಜ್ಞರು ಬೇಕು. ಕೊಡುವ ರಕ್ತ ಈತನ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡಿ ಕಳಿಸಲು ರಕ್ತನಿಧಿಯ ತಂತ್ರಜ್ಞರು ಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಲಕರಣೆಗಳನ್ನು ಶುದ್ಧಿಮಾಡಿ ಜೋಡಿಸಿಕೊಡುವವರು ಒಬ್ಬರು, ಅರಿವಳಿಕೆ ಯಂತ್ರವನ್ನು ಸಿದ್ಧಪಡಿಸುವವರು ಇನ್ನೊಬ್ಬರು. ವಾರ್ಡಿನಲ್ಲಿ ಮಗ್ಗುಲು ತಿರುಗಿಸಿ, ಮೈ ಒರೆಸಲು ಶುಶ್ರೂಷಾ ಸಹಾಯಕರು. ಔಷಧ ಕೊಡಲು ಫಾರ್ಮಸಿಸ್ಟ್. ತಿಂಗಳುಗಟ್ಟಲೆ ಕಾಲಿಗೆ ವ್ಯಾಯಾಮ ಮಾಡಿಸಿ ನಡೆಸಲು ಫಿಸಿಯೋಥೆರಪಿಸ್ಟ್. ಕಡತ ಮತ್ತು ವಿಮೆಯ ಕಾಗದ ಪತ್ರ ನೋಡಿಕೊಳ್ಳಲು ದಾಖಲೆ ವಿಭಾಗದವರು, ಯಂತ್ರ ಕೆಟ್ಟರೆ ರಿಪೇರಿ ಮಾಡಲು ವೈದ್ಯಕೀಯ ಉಪಕರಣಗಳ ತಂತ್ರಜ್ಞರು.

ಎಣಿಸಿ ನೋಡಿ. ಡಾಕ್ಟರರನ್ನು ಬಿಟ್ಟು ಹನ್ನೆರಡು ಬಗೆಯ ಕೆಲಸಗಳಾದವು. ಇವುಗಳಲ್ಲಿ ಒಂದಿಲ್ಲದಿದ್ದರೂ ಕೊನೆಗಾರನ ಕಾಲು ನೆಟ್ಟಗಾಗುವುದು ಕಷ್ಟ.

ನಮ್ಮ ಮಲೆನಾಡಿನದೇ ಇನ್ನೊಂದು ಉದಾಹರಣೆ ಮಂಗನ ಕಾಯಿಲೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಇದನ್ನು ಗುರುತಿಸಿದರು. ಉಣುಗಿನಿಂದ ಹರಡುವ ಈ ಜ್ವರವನ್ನು ಬರಿಯ ಕಣ್ಣಿನಿಂದ ಬೇರೆ ಜ್ವರಗಳಿಂದ ವಿಂಗಡಿಸಲು ಬರುವುದಿಲ್ಲ. ರಕ್ತದ ಪರೀಕ್ಷೆಯೇ ಆಗಬೇಕು. ಮಾದರಿಯನ್ನು ಸರಿಯಾಗಿ ತೆಗೆದು, ತಂಪಿನಲ್ಲಿಟ್ಟು ಕಳಿಸುವವರು, ಕಾಡಂಚಿನಲ್ಲಿ ಉಣುಗು ಹಿಡಿದು ತರುವವರು, ಪ್ರಯೋಗಾಲಯದಲ್ಲಿ ಪರೀಕ್ಷಿಸುವವರು, ಇವರೆಲ್ಲರೂ ಆರೋಗ್ಯ ವೃತ್ತಿಯವರೇ.

ಕಂಡರೆ ತಾನೇ ಮನಸ್ಸಾಗುವುದು

ಮಗು ಕಾಣದ ಕೆಲಸವನ್ನು ಬಯಸಲಾರದು. ನಮ್ಮ ಮಕ್ಕಳು ಆಸ್ಪತ್ರೆಯನ್ನು ನೋಡುವುದು ಜ್ವರ ಬಂದಾಗ ಮಾತ್ರ. ಆಗ ಕಣ್ಣಿಗೆ ಬೀಳುವುದು ಸೂಜಿಯೊಂದೇ. ಸಮಗ್ರ ಶಿಕ್ಷಣ ಯೋಜನೆಯಡಿ ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೆಯ ತರಗತಿಯಿಂದ ವೃತ್ತಿ ವಿಷಯಗಳನ್ನು ಕಲಿಸುತ್ತಾರೆ. ಆರೋಗ್ಯ ಸೇವೆಯೂ ಅವುಗಳಲ್ಲಿ ಒಂದು. ಆದರೆ ಪುಸ್ತಕದಲ್ಲಿ ಓದಿದ ಸಲೈನು ಬಾಟಲಿಗೂ ವಾರ್ಡಿನಲ್ಲಿ ಹನಿಯುವ ಬಾಟಲಿಗೂ ಅಂತರವಿದೆ. ಆ ಅಂತರವನ್ನು ತುಂಬಲು ಶಾಲೆಗೆ ಆಸ್ಪತ್ರೆಯ ನೆರವು ಬೇಕು.

ನಮ್ಮ ಮಕ್ಕಳಿಗೆ ಈ ಕೆಲಸ ಹೊಸದೂ ಅಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ತೋಟದ ಮನೆಯ ಮಗುವಿಗೆ ಬಾಯಿಪಾಠ. ರೋಗಿಗೆ ಹಾಕುವ ಸಾಮಾನ್ಯ ಸಲೈನಿನಲ್ಲಿ ಒಂದು ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಶೇಕಡಾ 0.9. ಲೆಕ್ಕ ಒಂದೇ. ದ್ರಾವಣ ಸಿಂಪಡಿಸುವ ಮುನ್ನ ಕತ್ತಿಯ ಅಲಗನ್ನು ಅದ್ದಿ ತಾಮ್ರದ ಕೆಂಪು ಹತ್ತುತ್ತದೆಯೇ ಎಂದು ನೋಡುತ್ತೇವಲ್ಲ, ಪ್ರಯೋಗಾಲಯದಲ್ಲಿಯೂ ರೋಗಿಯ ರಕ್ತ ಪರೀಕ್ಷಿಸುವ ಮುನ್ನ ಫಲಿತಾಂಶ ಗೊತ್ತಿರುವ ಮಾದರಿಯನ್ನು ಹಾಕಿ ಯಂತ್ರ ಸರಿಯಿದೆಯೇ ಎಂದು ನೋಡುತ್ತಾರೆ. ಈ ಶಿಸ್ತು ಮನೆಯಲ್ಲೇ ಕಲಿತ ಮಗುವಿಗೆ ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ತೋರಿಸುವವರು ಬೇಕು, ಅಷ್ಟೆ.

ಬೇರೆ ಕಡೆಯ ಒಂದು ಪ್ರಯೋಗ

ಶಾಲೆ ಮತ್ತು ಆಸ್ಪತ್ರೆ ಜೊತೆಗೂಡಿ ನಡೆಸಿದ ಪ್ರಯೋಗಗಳು ಬೇರೆ ದೇಶಗಳಲ್ಲಿವೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಆರೋಗ್ಯ ವೃತ್ತಿಗಳಿಗೆಂದೇ ಒಂದು ಪ್ರೌಢಶಾಲೆ 1995ರಲ್ಲಿ ಆರಂಭವಾಯಿತು. ಈಗ ಅದಕ್ಕೆ ಎಡ್ವರ್ಡ್ ಕೆನಡಿಯವರ ಹೆಸರಿದೆ. 2024ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ದತ್ತಿ ಸಂಸ್ಥೆಯವರು ಆ ದೇಶದ 10 ಕಡೆ ಇಂಥ ಶಾಲೆಗಳಿಗಾಗಿ 25 ಕೋಟಿ ಡಾಲರ್ ಕೊಡುವುದಾಗಿ ಪ್ರಕಟಿಸಿದರು. ಪ್ರತಿಯೊಂದು ಕಡೆಯೂ ಶಾಲಾ ಆಡಳಿತದ ಜೊತೆ ಒಂದು ದೊಡ್ಡ ಆಸ್ಪತ್ರೆ ಸಂಸ್ಥೆ ಸೇರಿರಬೇಕು. ಪಠ್ಯದಲ್ಲಿ ಆಸ್ಪತ್ರೆಯವರ ಕೈಯಿದೆ, ಅಭ್ಯಾಸಕ್ಕೆ ಜಾಗ ಅವರದೇ, ಓದು ಮುಗಿಸಿದವರಿಗೆ ಕೆಲಸದ ದಾರಿಯೂ ಅವರಿಂದಲೇ. ಈ ಹತ್ತರಲ್ಲಿ ದೊಡ್ಡ ಪಟ್ಟಣಗಳ ಜೊತೆಗೆ ಬೆಟ್ಟದ ಸೀಮೆಯಾದ ಈಶಾನ್ಯ ಟೆನೆಸ್ಸಿ, ಅಲಬಾಮಾದ ಸಣ್ಣ ಊರಾದ ಡೆಮೊಪೊಲಿಸ್ ಸಹ ಇವೆ.

ಅಷ್ಟು ಹಣ ನಮ್ಮಲ್ಲಿಲ್ಲ. ಆದರೆ ಅದರ ಮೂಲ ತತ್ತ್ವಕ್ಕೆ ಹಣ ಬೇಕಿಲ್ಲ. ಕೆಲಸ ಕೊಡುವವನು ಕಲಿಕೆಯ ಕೊನೆಯಲ್ಲಿ ಬಾಗಿಲು ತೆರೆದು ಕೂರುವುದಲ್ಲ, ಕಲಿಕೆಯ ಆರಂಭದಲ್ಲೇ ಶಾಲೆಗೆ ಬರಬೇಕು. ಆಸ್ಪತ್ರೆಗೆ ಇದರಿಂದ ಬರುವ ಲಾಭವೆಂದರೆ ಊರಲ್ಲೇ ನಿಲ್ಲುವ ನೌಕರ.

ಒಪ್ಪಂದದಲ್ಲಿ ಏನಿರಬೇಕು?

ಬಾಯಿಮಾತಿನ ಏರ್ಪಾಡು ಮುಖ್ಯೋಪಾಧ್ಯಾಯರ ವರ್ಗಾವಣೆಯೊಂದಿಗೆ ಮುಗಿದುಹೋಗುತ್ತದೆ. ಆದುದರಿಂದ ಶಾಲೆ ಮತ್ತು ಆಸ್ಪತ್ರೆಗಳ ನಡುವೆ ಒಂದು ಪುಟದ ಬರಹವಾದರೂ ಇರಲಿ. ಅದರಲ್ಲಿ ಈ ಅಂಶಗಳು ಸೇರಿರುವುದು ಒಳ್ಳೆಯದು:

1. ಹೊಣೆ: ಶಾಲೆಯಿಂದ ಒಬ್ಬ ಶಿಕ್ಷಕರು, ಆಸ್ಪತ್ರೆಯಿಂದ ಒಬ್ಬ ಹಿರಿಯ ನರ್ಸ್ ಅಥವಾ ತಂತ್ರಜ್ಞರು. ಡಾಕ್ಟರರಿಗೆ ಪುರುಸೊತ್ತು ಕಡಮೆ. ಅವರನ್ನೇ ನಂಬಿದರೆ ಕಾರ್ಯಕ್ರಮ ನಿಲ್ಲುತ್ತದೆ.

2. ಕಾಲ: ಮಳೆ ಇಳಿದ ಮೇಲೆ, ಕೊಯ್ಲಿಗೆ ಮೊದಲು, ಅಂದರೆ ಸೆಪ್ಟೆಂಬರ್‌ನಲ್ಲಿ. ನವೆಂಬರ್ ನಂತರ ನಮ್ಮ ಮನೆಗಳಲ್ಲಿ ಮಕ್ಕಳನ್ನು ಕಳಿಸುವವರಿಗೂ ಬಿಡುವಿರುವುದಿಲ್ಲ. ಪಬ್ಲಿಕ್ ಪರೀಕ್ಷೆಯಿಲ್ಲದ 9ನೆಯ ತರಗತಿಯವರಾದರೆ ಅನುಕೂಲ.

3. ಸಂಖ್ಯೆ: ಒಂದು ಸಲಕ್ಕೆ ಆರೇಳು ಮಕ್ಕಳು, ಒಂದು ವಿಭಾಗ, ಎರಡು ಗಂಟೆ. ಐವತ್ತು ಮಕ್ಕಳನ್ನು ಸಾಲಾಗಿ ಕರೆದೊಯ್ದರೆ ಅದು ಪ್ರವಾಸವಾಗುತ್ತದೆ, ಪಾಠವಾಗುವುದಿಲ್ಲ.

4. ಸುರಕ್ಷೆ: ಪೋಷಕರ ಲಿಖಿತ ಒಪ್ಪಿಗೆ ಇರಲಿ. ಸೂಜಿ, ರಕ್ತ, ತ್ಯಾಜ್ಯಗಳನ್ನು ಮಕ್ಕಳು ಮುಟ್ಟಬಾರದು. ಎಕ್ಸ್-ರೇ ನಡೆಯುವಾಗ ಕೋಣೆಯ ಹೊರಗೇ ನಿಲ್ಲಬೇಕು. ಮೊದಲ ದಿನವೇ ತ್ಯಾಜ್ಯದ ಬಣ್ಣಗಳನ್ನು ಕಲಿಸಲಿ. 2016ರ ನಿಯಮದಂತೆ ರಕ್ತ ಹತ್ತಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ.

5. ರೋಗಿಯ ಮರ್ಯಾದೆ: ಊರು ಸಣ್ಣದು. ಆಸ್ಪತ್ರೆಯಲ್ಲಿ ಕಂಡ ರೋಗಿಯ ವಿಷಯ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಬಾಯಿ ಬಿಡಕೂಡದು. ಮೊಬೈಲಿನಲ್ಲಿ ಚಿತ್ರ ತೆಗೆಯುವಂತಿಲ್ಲ.

6. ದುಡಿಮೆ ಬೇಡ: ನೋಡಲು ಬಂದ ಮಕ್ಕಳನ್ನು ನೆಲ ಒರೆಸಲು, ಚೀಟಿ ಬರೆಯಲು ಹಚ್ಚಕೂಡದು. ಪಿ.ಯು.ಸಿ. ಮುಗಿಸಿ ಕೆಲಸ ಕಲಿಯಲು ಬರುವ ಯುವಕರಿಗೆ 1961ರ ಅಪ್ರೆಂಟಿಸ್ ಕಾಯಿದೆ ಇದೆ. ಅದರ ಪ್ರಕಾರ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, ಅವರಿಗೆ ಭತ್ಯೆ ಕೊಡಬೇಕು. ಕಲಿಕೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದನ್ನು ನಾವು ಒಪ್ಪಬಾರದು.

ಹಣ ಕಟ್ಟುವ ಮುನ್ನ

ಈ ಭಾಗವನ್ನು ಬರೆಯಲು ನನಗೆ ಸಂಕೋಚವಿದೆ, ಆದರೂ ಬರೆಯಬೇಕು. ನನ್ನ ತಂಗಿಯ ಮಗಳು ಪಿ.ಯು.ಸಿ. ಮುಗಿಸಿದಾಗ ಪ್ರಯೋಗಾಲಯ ತಂತ್ರಜ್ಞರ ಕೋರ್ಸಿಗೆ ಒಂದು ಸಂಸ್ಥೆಗೆ ಸೇರಿಸಿದೆವು. ವಿಚಾರಿಸಲು ಹೋದವನು ನಾನೇ. ಕಟ್ಟಡ ನೋಡಿದೆ, ಗಾಜಿನ ಬಾಗಿಲು ನೋಡಿದೆ, ಮೇಜಿನ ಮೇಲೆ ಸಾಲಾಗಿಟ್ಟ ಸೂಕ್ಷ್ಮದರ್ಶಕಗಳನ್ನು ನೋಡಿದೆ. ಪದವೀಧರ, ಸಂಘದ ಕಾರ್ಯದರ್ಶಿ, ಲೆಕ್ಕಪತ್ರ ಓದಿ ಬಲ್ಲವನು. ಈ ಕೋರ್ಸಿಗೆ ಯಾವ ಮಂಡಳಿಯ ಮಾನ್ಯತೆ ಇದೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಎರಡು ವರ್ಷದ ಮೆಣಸಿನ ಹಣ ಅಲ್ಲಿಗೆ ಹೋಯಿತು. ಕೆಲಸಕ್ಕೆ ಅರ್ಜಿ ಹಾಕಿದ ದಿನ ಆ ಪ್ರಮಾಣಪತ್ರವನ್ನು ಮರಳಿ ಕೈಗೆ ಕೊಟ್ಟರು. ಮಗು ನನ್ನನ್ನು ಏನೂ ಅನ್ನಲಿಲ್ಲ. "ಮಾವ, ಇನ್ನೊಮ್ಮೆ ಶುರುಮಾಡುತ್ತೇನೆ" ಎಂದಳು. ಮಾನ್ಯತೆಯಿರುವ ಕಡೆ ಜನರಲ್ ನರ್ಸಿಂಗ್ ಸೇರಿ ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ. ಆದರೆ ಆ ಎರಡು ವರ್ಷಗಳನ್ನು ನಾನು ತಂದುಕೊಡಲಾರೆ.

ಒಂಬತ್ತನೆಯ ತರಗತಿಯಲ್ಲೇ ಆಕೆ ಒಂದು ಪ್ರಯೋಗಾಲಯದಲ್ಲಿ ಎರಡು ಗಂಟೆ ಕಳೆದಿದ್ದರೆ, ಅಲ್ಲಿಯ ತಂತ್ರಜ್ಞರನ್ನು "ನೀವು ಎಲ್ಲಿ ಓದಿದಿರಿ?" ಎಂದು ಕೇಳಿದ್ದರೆ, ನಾವು ಮೋಸ ಹೋಗುತ್ತಿರಲಿಲ್ಲ. ಶಾಲೆ ಮತ್ತು ಆಸ್ಪತ್ರೆಯ ನಂಟಿನ ದೊಡ್ಡ ಪ್ರಯೋಜನ ಇದೇ ಎಂದು ನನ್ನ ಅಭಿಪ್ರಾಯ: ಸರಿಯಾದ ದಾರಿ ಯಾವುದೆಂದು ಆ ದಾರಿಯಲ್ಲಿ ನಡೆದವರಿಂದಲೇ ಗೊತ್ತಾಗುತ್ತದೆ.

ಸದಸ್ಯರು ನೆನಪಿಡಬೇಕಾದ ಅಂಶಗಳನ್ನು ಇಲ್ಲಿ ಕೊಟ್ಟಿದ್ದೇನೆ.

ನರ್ಸಿಂಗ್: ಎ.ಎನ್.ಎಂ. 2 ವರ್ಷ, ಜನರಲ್ ನರ್ಸಿಂಗ್ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಮೂರಕ್ಕೂ ಪಿ.ಯು.ಸಿ. ಆಗಿರಬೇಕು, ಬಿ.ಎಸ್ಸಿ.ಗೆ ವಿಜ್ಞಾನವೇ ಬೇಕು. ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಇದೆಯೇ ನೋಡಿ.

ಫಾರ್ಮಸಿ: ಡಿಪ್ಲೊಮಾ 2 ವರ್ಷ, ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಬೇಕು.

ತಂತ್ರಜ್ಞರ ಕೋರ್ಸುಗಳು: ಇವಕ್ಕೆಂದೇ 2021ರಲ್ಲಿ ರಾಷ್ಟ್ರಮಟ್ಟದ ಕಾಯಿದೆ ಬಂದಿದೆ. ಅದರ ಪ್ರಕಾರ ಸಹವರ್ತಿ ಆರೋಗ್ಯ ವೃತ್ತಿಯವರ ಓದು 2,000 ಗಂಟೆಗಳಿಗೆ ಕಡಮೆಯಿರಬಾರದು, ಅದು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. "ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್" ಎಂಬ ಜಾಹೀರಾತು ಕಂಡರೆ ಈ ಅಂಕಿಯನ್ನು ನೆನೆಯಿರಿ. ಪದವಿ ಕೋರ್ಸಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಎಂದು ವಿಚಾರಿಸಿ.

ಕೆಲವೇ ತಿಂಗಳ ಸಹಾಯಕರ ತರಬೇತಿ ಕೆಟ್ಟದ್ದೇನಲ್ಲ; ಅದಕ್ಕೂ ಕೆಲಸವಿದೆ. ಆದರೆ ಅದರಿಂದ ಸಹಾಯಕರಾಗಬಹುದು, ನರ್ಸ್ ಆಗಲು ಬರುವುದಿಲ್ಲ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಮಾತಾಡುವವರಿಂದ ದೂರವಿರಿ.

ಸಂಘ ಏನು ಮಾಡಬಹುದು?

ನಮ್ಮ ಸಂಘವು ಶಾಲೆಯೂ ಅಲ್ಲ, ಆಸ್ಪತ್ರೆಯೂ ಅಲ್ಲ. ಆದರೆ ಎರಡೂ ಕಡೆಯವರಿಗೆ ನಾವು ಬೇಕಾದವರು. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವುದು ನಮ್ಮ ಕೈಯಲ್ಲಿದೆ. ಮಕ್ಕಳನ್ನು ಕರೆದೊಯ್ಯಲು ವಾಹನ, ಸಭೆಗೆ ನಮ್ಮ ಗೋದಾಮಿನ ಮೇಲಿನ ಹಜಾರ, ಇಷ್ಟನ್ನು ಕೊಡಬಹುದು. ಬೈಲಾ ಅವಕಾಶ ಕೊಟ್ಟಷ್ಟು ಮಟ್ಟಿಗೆ ಲಾಭದ ಒಂದು ಪಾಲನ್ನು ಇದಕ್ಕೆ ತೆಗೆದಿಡುವ ಬಗ್ಗೆ ಮಹಾಸಭೆ ನಿರ್ಧರಿಸಬಹುದು. ನಮ್ಮ ತೋಟದ ಕಾರ್ಮಿಕರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಾರೆ. ಆರೇಳು ಮಕ್ಕಳ ಗುಂಪಿನಲ್ಲಿ ಅವರೂ ಇರಬೇಕು. ಮರದಿಂದ ಬೀಳುವವನು ಅವರ ಅಪ್ಪನೇ ತಾನೆ?

ಸದಸ್ಯರ ಚರ್ಚೆಗೆ ಪ್ರಶ್ನೆಗಳು

1. ನಿಮಗೆ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರರನ್ನು ಬಿಟ್ಟು ಎಷ್ಟು ಬಗೆಯ ಕೆಲಸದವರಿದ್ದಾರೆ? ಯಾವ ಜಾಗ ಖಾಲಿ ಇದೆ?

2. ಆ ಕೆಲಸಗಳಲ್ಲಿ ನಮ್ಮ ಊರಿನವರು ಎಷ್ಟು ಜನ? ಅವರು ಎಲ್ಲಿ, ಎಷ್ಟು ವರ್ಷ ಓದಿದರು?

3. ನಿಮ್ಮ ಮನೆಯ ಮಗು ಈಗ ಸೇರಲಿರುವ ಕೋರ್ಸಿಗೆ ಯಾವ ಮಂಡಳಿಯ ಮಾನ್ಯತೆ ಇದೆ? ಕಾಗದದಲ್ಲಿ ನೋಡಿದ್ದೀರಾ?

4. ಬರುವ ಸೆಪ್ಟೆಂಬರ್‌ನಲ್ಲಿ ಆರು ಮಕ್ಕಳನ್ನು ಕಳಿಸುವುದಾದರೆ ನಿಮ್ಮ ಊರಿನ ಶಾಲೆಯಲ್ಲಿ ಯಾರ ಹತ್ತಿರ ಮಾತಾಡಬೇಕು?

ಉತ್ತರಗಳನ್ನು ಬರೆದು, ಸಂಘಕ್ಕೆ ಬರುವಾಗ ತನ್ನಿರಿ. ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಫೀಸು ಕಟ್ಟುವ ಮುನ್ನ ಕಚೇರಿಗೆ ಬಂದರೆ, ಇಬ್ಬರೂ ಕೂತು ವಿಚಾರಿಸೋಣ.

ಕಾರ್ಯದರ್ಶಿ