ಬರೆದಿಟ್ಟ ಇಚ್ಛೆ ಮತ್ತು ಆರು ಗಂಟೆಗಳ ಗಡುವು

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರನ್ನು ನೆನೆಯುವ ಕ್ರಮಗಳು ಮಧ್ಯ ಕರ್ನಾಟಕದ ಲಿಂಗಾಯತ ಕುಟುಂಬಗಳಲ್ಲಿ ಬಹುಮಟ್ಟಿಗೆ ನಿಶ್ಚಿತವಾಗಿವೆ. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎದುರಿಗೆ ಭಜನೆ ನಡೆಯುತ್ತದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕೂತ ಭಂಗಿಯಲ್ಲಿಯೇ ಮಣ್ಣು ಮಾಡುವ ಕ್ರಿಯಾಸಮಾಧಿಯ ವಿಧಿ ಮುಗಿದು ಕೆಲವು ದಿನಗಳಾದ ಮೇಲೆ ಶಿವಗಣಾರಾಧನೆ, ಅಂದರೆ ಜಂಗಮರಿಗೂ ಬಂಧುಗಳಿಗೂ ಪ್ರಸಾದವಿಟ್ಟು ಮೃತರ ಗುಣಗಳನ್ನು ಹೇಳುವ ಸಭೆ, ಜರುಗುತ್ತದೆ. ಇವೆಲ್ಲ ಉಳಿದವರ ಸಮಾಧಾನಕ್ಕಾಗಿ ಬೆಳೆದುಬಂದ ಕ್ರಮಗಳು. ತೀರಿಕೊಂಡವರು ತಾವಾಗಿಯೇ ಬರೆದಿಟ್ಟುಹೋದ ಮಾತೊಂದಿದ್ದರೆ ಇವುಗಳ ನಡುವೆ ಅದಕ್ಕೆ ಜಾಗವೆಲ್ಲಿ ಎಂಬ ಪ್ರಶ್ನೆ, ದಾವಣಗೆರೆ ಜಿಲ್ಲೆಯ ಭದ್ರಾ ಅಚ್ಚುಕಟ್ಟಿನ ಹಳ್ಳಿಯೊಂದರಲ್ಲಿ, ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ, ಬಿರುಬೇಸಿಗೆಯ ಒಂದು ಬೆಳಗಿನ ಜಾವ ಎದುರಾಯಿತು. ಈ ಬರಹವನ್ನು ಸಿದ್ಧಪಡಿಸಿದವರು ಆ ಮುಖ್ಯೋಪಾಧ್ಯಾಯರ ಹಿರಿಯ ಮಗಳೇ ಆದ್ದರಿಂದ ಇಲ್ಲಿ ಪೂರ್ಣ ನಿಷ್ಪಕ್ಷಪಾತವನ್ನು ಓದುಗರು ನಿರೀಕ್ಷಿಸಬಾರದು.

ಮೃತರ ಇಚ್ಛೆ ನೇತ್ರದಾನವಾಗಿತ್ತು. ಆ ಇಚ್ಛೆಯ ಮೂಲ ಅವರ ತರಗತಿಯಲ್ಲಿತ್ತು. ಭತ್ತದ ಸೀಮೆಯಲ್ಲಿ ಒಕ್ಕಣೆಯ ಕಾಲಕ್ಕೆ ಹೊಟ್ಟು, ಸುಂಕು, ಒಣ ಎಲೆಯ ಅಂಚು ಕಣ್ಣಿಗೆ ತಾಗಿ ಗಾಯವಾಗುವುದು, ಅದಕ್ಕೆ ನಾಟಿ ಔಷಧ ಹಿಂಡಿ ಸೋಂಕು ಬೆಳೆದು ಕೊನೆಗೆ ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ನಿಲ್ಲುವುದು ಸಾಮಾನ್ಯ. ಊರ ಜನ ಇದನ್ನು ಕಣ್ಣಿಗೆ ಹೂ ಬಿತ್ತು ಎನ್ನುತ್ತಾರೆ. ಹೀಗೆ ಹೂ ಬಿದ್ದ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕರಿಹಲಗೆಯ ಮೇಲೆ ಅಂಗೈಯಗಲದ ಅಕ್ಷರ ಬರೆಯುತ್ತಿದ್ದ ಮೇಷ್ಟ್ರು, ಡಾ. ಎಂ.ಸಿ. ಮೋದಿಯವರ ಉಚಿತ ನೇತ್ರ ಶಿಬಿರಗಳಿಗೆ ಊರಿನ ಮುದುಕರನ್ನು ಗಾಡಿ ಕಟ್ಟಿಕೊಂಡು ಕರೆದೊಯ್ದವರೂ ಆಗಿದ್ದರು. ಮುದುಕರ ಪೊರೆ ಶಸ್ತ್ರಚಿಕಿತ್ಸೆಯಿಂದ ಹೋಗುತ್ತದೆ, ಹುಡುಗರ ಹೂ ಹೋಗುವುದಿಲ್ಲ ಎಂಬ ವ್ಯತ್ಯಾಸ ಅವರಿಗೆ ಅಲ್ಲಿಯೇ ತಿಳಿದದ್ದು.

ಆ ವ್ಯತ್ಯಾಸಕ್ಕೆ ಕಾರಣ ಕಾರ್ನಿಯಾ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕೂತಿರುವ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಈ ಪಾರದರ್ಶಕ ಪಟಲ ಒಮ್ಮೆ ಬೆಳ್ಳಗಾದರೆ ಅದರ ಜಾಗದಲ್ಲಿ ಮೃತವ್ಯಕ್ತಿಯೊಬ್ಬರ ಕಾರ್ನಿಯಾವನ್ನು ಕಸಿ ಮಾಡುವುದೇ ಮುಖ್ಯ ಪರಿಹಾರ. ಇದರಲ್ಲಿ ರಕ್ತನಾಳಗಳಿಲ್ಲದ ಕಾರಣ ರಕ್ತದ ಗುಂಪು ಹೊಂದಬೇಕೆಂಬ ನಿಯಮವಿಲ್ಲ. ಆದರೆ ಮರಣಾನಂತರ ಇದು ಬೇಗ ಕೆಡುವುದರಿಂದ ಸಾಮಾನ್ಯವಾಗಿ 6 ಗಂಟೆಗಳೊಳಗೆ ತೆಗೆಯಬೇಕಾಗುತ್ತದೆ. ಕನ್ನಡಿಗರಿಗೆ ಈ ವಿಷಯ ಅಪರಿಚಿತವಲ್ಲ: 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ನಟರ ಮನೆಯಲ್ಲಿ ನಡೆದದ್ದನ್ನು ಕೊಂಡಾಡುವ ಜನ ತಮ್ಮ ಮನೆಯಲ್ಲಿ ಅದೇ ಸಂದರ್ಭ ಬಂದಾಗ ಹಿಂದೆ ಸರಿಯುತ್ತಾರೆಂಬುದು ಬೇರೆ ಮಾತು.

ಕಾನೂನಿನ ನೆಲೆಯೂ ಸ್ಪಷ್ಟವಿದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ವ್ಯಕ್ತಿಯೊಬ್ಬರು ಇಬ್ಬರು ಸಾಕ್ಷಿಗಳ ಎದುರು, ಅವರಲ್ಲಿ ಒಬ್ಬರಾದರೂ ಹತ್ತಿರದ ಬಂಧುವಾಗಿರುವಂತೆ, ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಆ ಇಚ್ಛೆಗೆ ಬಲವಿರುತ್ತದೆ; ಅಂಥ ಬರಹವಿಲ್ಲದಿದ್ದರೆ ಹತ್ತಿರದ ಬಂಧುಗಳಲ್ಲಿ ಒಬ್ಬರ ಆಕ್ಷೇಪವೂ ಕೆಲಸವನ್ನು ನಿಲ್ಲಿಸಬಲ್ಲದು. ಹತ್ತಿರದ ಬಂಧು ಎಂಬ ಪಟ್ಟಿಯಲ್ಲಿ ಪತಿ, ಪತ್ನಿ, ಮಕ್ಕಳು, ತಂದೆತಾಯಿಗಳ ಜೊತೆಗೆ ಒಡಹುಟ್ಟಿದವರೂ ಇದ್ದಾರೆ, 2011ರ ತಿದ್ದುಪಡಿಯ ನಂತರ ಮೊಮ್ಮಕ್ಕಳೂ ಸೇರಿದ್ದಾರೆ. ಮೃತರ ಒಪ್ಪಿಗೆ ಪತ್ರಕ್ಕೆ ಬಂಧುವಾಗಿ ಸಹಿ ಹಾಕಿದ್ದವರು ಅವರ ಪತ್ನಿ. ಮೃತರ ತಮ್ಮನಿಗೆ, ಎಂದರೆ ಲೇಖಕಿಯ ಚಿಕ್ಕಪ್ಪನಿಗೆ, ಈ ಸಂಗತಿ ತಿಳಿದಿರಲಿಲ್ಲ. ತಿಳಿಸದೆ ಇದ್ದದ್ದೇ ತಮಗಾದ ಅವಮಾನವೆಂದು ಅವರು ಇಂದಿಗೂ ಹೇಳುತ್ತಾರೆ.

ಸಾವು ಸಂಭವಿಸಿದ್ದು ಬೆಳಗಿನ ನಾಲ್ಕೂವರೆಯ ಸುಮಾರಿಗೆ. ಮೊಮ್ಮಗಳು ಕರೆ ಮಾಡಿದಾಗ ನೇತ್ರಭಂಡಾರದವರು ಬರಲು ಒಡನೆಯೇ ಒಪ್ಪಿದರು; ವೈದ್ಯರೊಬ್ಬರು ಸಾವನ್ನು ದೃಢಪಡಿಸಿ ಕಾರಣ ಬರೆದುಕೊಟ್ಟಿರಬೇಕು, ತಾವು ತಲುಪುವವರೆಗೆ ಫ್ಯಾನು ಹಾಕಬಾರದು, ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಡಬೇಕು, ತಲೆಯನ್ನು ದಿಂಬಿನಿಂದ ಎತ್ತರಿಸಿರಬೇಕು ಎಂದಷ್ಟೇ ಸೂಚಿಸಿದರು. ಸಮೀಪದ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮಾತ್ರ ಬಹಳ ಹೊತ್ತು ಫೋನು ಎತ್ತಲಿಲ್ಲ, ಎತ್ತಿದ ಮೇಲೆ ಮನೆಗೆ ಬರುವ ಪದ್ಧತಿಯಿಲ್ಲ, ದೇಹವನ್ನೇ ತನ್ನಿ ಎಂದರು. ಹತ್ತು ನಿಮಿಷದ ದಾರಿಗೆ ವಾಹನ ಹತ್ತಲೊಪ್ಪದ ಸರ್ಕಾರಿ ನೌಕರರೊಬ್ಬರ ಸಲುವಾಗಿ ತೀರಿಕೊಂಡ ಮೇಷ್ಟ್ರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗುವುದೇ ಎಂದು ಮನೆಯವರು ಕಂಗೆಟ್ಟಿದ್ದಾಗ, ಮೃತರಿಗೆ ಬಹುಕಾಲ ಔಷಧ ಕೊಟ್ಟಿದ್ದ ಖಾಸಗಿ ವೈದ್ಯರು ಬೈಕಿನಲ್ಲಿ ಬಂದು ಆ ಕಾಗದವನ್ನು ಬರೆದುಕೊಟ್ಟರು.

ನಿಜವಾದ ಸಂಕಟ ಶುರುವಾದದ್ದು ಆಮೇಲೆ. ಸುದ್ದಿ ಹಬ್ಬಿ ಪಡಸಾಲೆ ತುಂಬಿತು. ಸೆಖೆಗೆ ಬೆವರಿದ ಒಬ್ಬರಲ್ಲ ಒಬ್ಬರು ಫ್ಯಾನಿನ ಗುಂಡಿ ಒತ್ತುವುದು, ಹತ್ತಿ ಒದ್ದೆ ಮಾಡುತ್ತಿದ್ದ ಮೊಮ್ಮಗಳು ಎದ್ದುಹೋಗಿ ಆರಿಸುವುದು, ಸತ್ತವರಿಗೆ ಗಾಳಿಯನ್ನೂ ಬಿಡದ ಮನೆ ಎಂದು ಮೂಲೆಯಲ್ಲಿ ಯಾರೋ ಗೊಣಗುವುದು ನಡೆದೇ ಇತ್ತು. ಹಿರಿಯರ ಚಿಂತೆ ಇನ್ನೊಂದು: ಮರಣದ ಕೆಲವು ಗಂಟೆಗಳಲ್ಲಿ ದೇಹ ಸೆಟೆಯಲಾರಂಭಿಸುತ್ತದೆ, ಕಾಲುಗಳನ್ನು ಬೇಗ ಮಡಿಸದಿದ್ದರೆ ಕೂರಿಸಲಾಗುವುದಿಲ್ಲ, ಕೂರಿಸದೆ ಕ್ರಿಯಾಸಮಾಧಿ ಹೇಗೆ? ಈ ಆತಂಕದಲ್ಲಿ ಅರ್ಥವಿತ್ತು. ವಿಧಿ ನಡೆಸಲು ಬಂದಿದ್ದ ಜಂಗಮ ಅಯ್ಯನವರೇ ಮುಂದೆ ಬಂದು, ಕಾಲುಗಳನ್ನು ಮೊದಲೇ ಮಡಿಸಿ ಬೆನ್ನಿಗೆ ದಿಂಬುಗಳನ್ನು ಕೊಟ್ಟು ಅರೆಯೊರಗಿದ ಸ್ಥಿತಿಯಲ್ಲಿ ಇಡಿಸಿದ್ದರಿಂದ, ತಲೆಯೂ ಎತ್ತರದಲ್ಲಿತ್ತು, ವಿಧಿಗೂ ಭಂಗ ಬರಲಿಲ್ಲ.

ಚಿಕ್ಕಪ್ಪನ ವಿರೋಧದಲ್ಲಿ ಅಂಥ ಅರ್ಥವನ್ನು ಹುಡುಕುವುದು ಲೇಖಕಿಗೆ ಇನ್ನೂ ಸಾಧ್ಯವಾಗಿಲ್ಲ. ಮೊದಲು ಅವರು ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣು ಯಾರಿಗೆ ಬೇಕು ಎಂದರು. ಪೊರೆ ಬರುವುದು ಒಳಗಿನ ಮಸೂರಕ್ಕೆ, ಕಾರ್ನಿಯಾಕ್ಕಲ್ಲ, ಅಂಥ ಕಣ್ಣನ್ನೂ ಪರೀಕ್ಷಿಸಿ ತೆಗೆದುಕೊಳ್ಳುತ್ತಾರೆ ಎಂದು ವೈದ್ಯರು ತಿಳಿಸಿದರು. ಸಕ್ಕರೆ ಕಾಯಿಲೆಯ ಮಾತೆತ್ತಿದರು; ಅದೂ ಅಡ್ಡಿಯಲ್ಲವೆಂದಾಯಿತು. ಕೊನೆಗೆ, ಹೀಗೆ ಕಳಿಸಿದರೆ ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುತ್ತಾನೆ ಎಂದು ಹೊಸ್ತಿಲಿಗೆ ಅಡ್ಡ ನಿಂತು, “ಕಣ್ಣಿಲ್ಲದಂಗೆ ನಮ್ಮಣ್ಣನ್ನ ಮಣ್ಣು ಮಾಡಾಕೆ ಬಿಡಲ್ಲ” ಎಂದು ಕೂಗಿದರು. ನೇತ್ರಭಂಡಾರದ ವಾಹನ ಅಷ್ಟರಲ್ಲಿ ಓಣಿಯ ತುದಿಗೆ ಬಂದು ನಿಂತಿತ್ತು. ಜಗಳವಿರುವ ಮನೆಯೊಳಗೆ ತಾವು ಬರುವಂತಿಲ್ಲ ಎಂದು ಅವರು ಹೊರಗೇ ಉಳಿದರು. ಲೇಖಕಿಯ ತಮ್ಮಂದಿರಿಬ್ಬರೂ ಚಿಕ್ಕಪ್ಪನ ಮುಖ ನೋಡಿ ತಲೆ ತಗ್ಗಿಸಿದರು. ಜಮೀನಿನ ಪಾಲು ಇನ್ನೂ ಆಗಿರದ ಮನೆಯಲ್ಲಿ ಗಂಡುಮಕ್ಕಳ ಮೌನಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಅಲ್ಲಿಯವರೆಗೆ ಗಂಡನ ಪಕ್ಕದಲ್ಲಿ ಒಂದು ಮಾತೂ ಆಡದೆ ಕೂತಿದ್ದ ತಾಯಿ ಎದ್ದು, ಟ್ರಂಕಿನ ತಳದಿಂದ ಪಿಂಚಣಿಯ ಕಾಗದಗಳ ಕಟ್ಟನ್ನು ತೆಗೆದು, ಅದರೊಳಗಿದ್ದ ಒಪ್ಪಿಗೆ ಪತ್ರವನ್ನು ಅಯ್ಯನವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಅನಂತರ ಮೈದುನನ ಕಡೆ ತಿರುಗಿ, “ಶಿವನಿಗೆ ಕಣ್ಣಪ್ಪ ಕೊಡಲಿಲ್ಲೇನು? ಅವನು ಮುಂದೆ ಕುರುಡಾಗಿ ಹುಟ್ಟಿದ ಅಂತ ಯಾರಾದ್ರೂ ಹೇಳ್ಯಾರೇನು?” ಎಂದು ಕೇಳಿದರು. ಶಿವಲಿಂಗಕ್ಕೆ ತನ್ನ ಕಣ್ಣನ್ನೇ ಕಿತ್ತು ಹಚ್ಚಿದ ಬೇಡರ ಕಣ್ಣಪ್ಪ ವೀರಶೈವರು ಪೂಜಿಸುವ ಅರವತ್ತಮೂವರು ಪುರಾತನರಲ್ಲಿ ಒಬ್ಬ. 1954ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಪಾದಾರ್ಪಣೆ ಮಾಡಿದ ಚಿತ್ರವೂ ಅವನ ಕಥೆಯೇ ಆದ್ದರಿಂದ ಪಡಸಾಲೆಯಲ್ಲಿದ್ದ ಯಾರಿಗೂ ಅವನು ಯಾರೆಂದು ವಿವರಿಸಬೇಕಾಗಿರಲಿಲ್ಲ. ಚಿಕ್ಕಪ್ಪ ಹೊಸ್ತಿಲು ಬಿಟ್ಟು ಅಂಗಳಕ್ಕಿಳಿದರು. ತಾಯಿ ಸಹಿ ಹಾಕಿದರು. ತಂತ್ರಜ್ಞರು ತಪಾಸಣೆಗೆಂದು ಸ್ವಲ್ಪ ರಕ್ತ ತೆಗೆದುಕೊಂಡು, ಕಾರ್ನಿಯಾಗಳನ್ನು ಸಂರಕ್ಷಕ ದ್ರಾವಣದಲ್ಲಿರಿಸಿ, ರೆಪ್ಪೆಗಳನ್ನು ಮೊದಲಿನಂತೆಯೇ ಮುಚ್ಚಿ ಹೊರಟಾಗ ಗಡುವಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮುಖದಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿಲ್ಲವೆಂದು ಮೊದಲು ಹೇಳಿದವರು, ಬಗ್ಗಿ ಬಗ್ಗಿ ನೋಡಿದ ಓಣಿಯ ಹೆಂಗಸರು.

ಇತರರು ಇದರಿಂದ ತಿಳಿಯಬೇಕಾದದ್ದು ಹೆಚ್ಚೇನಿಲ್ಲ. ಒಪ್ಪಿಗೆ ಪತ್ರವನ್ನು ಟ್ರಂಕಿನಲ್ಲಿಡದೆ ಕೈಗೆ ಸಿಗುವಲ್ಲಿ ಇಟ್ಟು, ವಿರೋಧಿಸಬಹುದಾದ ಬಂಧುವಿಗೆ ಬದುಕಿರುವಾಗಲೇ ಅದನ್ನು ತೋರಿಸಿರಬೇಕು. ಸಾವನ್ನು ದೃಢಪಡಿಸಲು ಮನೆಗೆ ಬರಬಲ್ಲ ವೈದ್ಯರೊಬ್ಬರ ಸಂಖ್ಯೆ ಮನೆಯಲ್ಲಿರಬೇಕು. ಫ್ಯಾನಿನ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಬೇಕು. ರೇಬೀಸ್, ಎಚ್‌ಐವಿ, ರಕ್ತಕ್ಕೆ ಹರಡಿದ ಸೋಂಕು ಮುಂತಾದ ಕೆಲವು ಕಾರಣಗಳಿದ್ದರೆ ದಾನ ಸಾಧ್ಯವಿಲ್ಲವೆಂಬುದನ್ನೂ ಅರಿತಿದ್ದರೆ ಕೊನೆಗಳಿಗೆಯ ನಿರಾಶೆ ತಪ್ಪುತ್ತದೆ.

ಕಣ್ಣು ಪಡೆದವರ ಗುರುತನ್ನು ಕುಟುಂಬಕ್ಕೆ ತಿಳಿಸುವುದಿಲ್ಲ. ತಾಯಿಗೆ ಅದರ ಕುತೂಹಲವೂ ಇಲ್ಲ. ಅವರ ನೆನಪಿನಲ್ಲಿರುವುದು ರಾತ್ರಿ ಊಟವಾದ ಮೇಲೆ ಪತ್ರಿಕೆಯ ಸಂಪಾದಕೀಯವನ್ನು ತಮಗಾಗಿ ಗಟ್ಟಿಯಾಗಿ ಓದುತ್ತಿದ್ದ ಗಂಡ. ಮೊಮ್ಮಕ್ಕಳಿಗೆ ಅಜ್ಜನೆಂದರೆ ಅಂಗೈಯಗಲದ ಅಕ್ಷರ. ನೇತ್ರಭಂಡಾರ ಕಳಿಸಿದ ಕೃತಜ್ಞತಾ ಪತ್ರ ಮಾತ್ರ ಶಿವಗಣಾರಾಧನೆಯ ದಿನ ಮಠದ ಸ್ವಾಮಿಗಳ ಕೈಯಿಂದ ವೇದಿಕೆಯ ಮೇಲೆ ಚಿಕ್ಕಪ್ಪನಿಗೆ ಸಂದಿತು, ಏಕೆಂದರೆ ಗಂಡನನ್ನು ಕಳೆದುಕೊಂಡ ಹೆಂಗಸು ವೇದಿಕೆ ಹತ್ತುವುದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ಶಾಲು ಹೊದೆಸಿಕೊಂಡ ಅವರು ಅಣ್ಣನ ದೊಡ್ಡತನವನ್ನು ಬಾಯಿತುಂಬ ಹೊಗಳಿದರು. ಚೌಕಟ್ಟು ಹಾಕಿಸಿದ ಆ ಪತ್ರ ಈಗ ಅವರ ಮನೆಯ ಪಡಸಾಲೆಯಲ್ಲಿದೆ. ಸಹಿ ಹಾಕಿದವರ ಹೆಸರಿಗೆ ಅದರ ಇನ್ನೊಂದು ಪ್ರತಿ ಕೊಡಬೇಕೆಂದು ಮಗಳು ನೇತ್ರಭಂಡಾರಕ್ಕೆ ಅರ್ಜಿ ಬರೆದಿದ್ದಾರೆ.