ಗೆಣ್ಣಿದ್ದರೆ ಬಳ್ಳಿ

ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಕಡೆಯವರ ಕೈ ಸುಮ್ಮನಿರುವುದಿಲ್ಲ. ಯಾರದೋ ಜಗಲಿಯಲ್ಲಿ ಕಂಡ ಬಳ್ಳಿಯ ತುಂಡು ಇನ್ಯಾರದೋ ಕುಂಡ ಸೇರುತ್ತದೆ. ಈ ಸಲ ಬಂದ ಪತ್ರಗಳೆಲ್ಲ ಹೀಗೆ ಇಳಿಬಿದ್ದು ಬೆಳೆಯುವ ಬಳ್ಳಿಗಳ ಬಗ್ಗೆಯೇ. ಕೋಗಿಲಬನದ ಪತ್ರವನ್ನು ಮೊದಲು ಎತ್ತಿಕೊಂಡಿದ್ದೇನೆ. ಅದರ ಉತ್ತರ ಉಳಿದವರಿಗೂ ಬೇಕಾಗುತ್ತದೆ.

ಪ್ರಶ್ನೆ: ಪಕ್ಕದ ಮನೆಯವರು ಎರಡು ತಿಂಗಳ ಹಿಂದೆ ಒಂದು ಬಳ್ಳಿಯಿಂದ ಎರಡು ತುಂಡು ಮುರಿದು ಕೊಟ್ಟರು. ಎರಡನ್ನೂ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಇಟ್ಟೆ. ಒಂದಕ್ಕೆ ಬೇರು ಬಂದು ಹೊಸ ಎಲೆಯೂ ಬಂತು. ಇನ್ನೊಂದು ಹಸಿರಾಗಿಯೇ ಇದೆ, ಆದರೆ ಚಿಗುರುತ್ತಲೇ ಇಲ್ಲ. ಎಲ್ಲರೂ ಮನಿ ಪ್ಲಾಂಟ್ ಅನ್ನುತ್ತಾರೆ, ಆದರೆ ಎಲೆಯಲ್ಲಿ ಹಳದಿ ಬಣ್ಣವೇ ಇಲ್ಲ. ಚಿತ್ರ ಕಳಿಸಿದ್ದೇನೆ. — ಕೋಗಿಲಬನ

ಉತ್ತರ: ಚಿತ್ರ ಚೆನ್ನಾಗಿ ಬಂದಿದೆ. ಹೊಸ ಎಲೆಯ ಬುಡದಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳುವಾದ ಹೊದಿಕೆ ಕಾಣುತ್ತಿದೆ ನೋಡಿ, ಗುರುತು ಹಿಡಿಯಲು ಅದೇ ಸಾಕು. ನಿಮ್ಮದು ಮನಿ ಪ್ಲಾಂಟ್ ಅಲ್ಲ, ಅದರ ದಾಯಾದಿ. ಹೃದಯದಾಕಾರದ ಎಲೆಯ ಫಿಲೊಡೆಂಡ್ರಾನ್. ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕಡೆಯದು. ಅದರ ಎಳೆ ಎಲೆ ಈ ಹೊದಿಕೆಯೊಳಗೆ ಸುತ್ತಿಕೊಂಡಿರುತ್ತದೆ. ಎಲೆ ಬಿಚ್ಚಿದ ಮೇಲೆ ಹೊದಿಕೆ ಒಣಗಿ ಕಂದಾಗಿ ಉದುರುತ್ತದೆ. ಮನಿ ಪ್ಲಾಂಟಿನ ಹೊಸ ಎಲೆಗೆ ಹೀಗೆ ಬೇರೆ ಹೊದಿಕೆ ಇರುವುದಿಲ್ಲ, ಅದು ಹಿಂದಿನ ಎಲೆಯ ತೊಟ್ಟಿನ ಮಡಿಲಿನಿಂದಲೇ ಹೊರಗೆ ಬರುತ್ತದೆ.

ಕಣ್ಣಿಗೆ ಅನುಮಾನವಾದರೆ ಬೆರಳಿಗೆ ಕೇಳಿ. ಮನಿ ಪ್ಲಾಂಟಿನ ಎಲೆ ದಪ್ಪ, ಮೇಣ ಸವರಿದ ಹಾಗೆ. ತೊಟ್ಟಿನ ಮೇಲ್ಭಾಗದಲ್ಲಿ ಉದ್ದಕ್ಕೂ ಸಣ್ಣ ಕಾಲುವೆ ಇರುತ್ತದೆ, ಉಗುರು ಆಡಿಸಿದರೆ ತಿಳಿಯುತ್ತದೆ. ಫಿಲೊಡೆಂಡ್ರಾನಿನ ಎಲೆ ತೆಳು, ಮೆತ್ತಗೆ, ತೊಟ್ಟು ದುಂಡಗೆ. ನಮ್ಮ ಕಾಡಿನ ಅಡಿಕೆಬೀಳು ಬಳ್ಳಿಯನ್ನೂ ಕೆಲವರು ಇವುಗಳ ಜೊತೆ ಸೇರಿಸಿಬಿಡುತ್ತಾರೆ. ಅದನ್ನು ಬೇರೆ ಮಾಡುವುದು ಸುಲಭ. ಚಕ್ಕೋತದ ಎಲೆಯ ಹಾಗೆ ತೊಟ್ಟೇ ಅಗಲವಾಗಿ, ಎಲೆಯ ತುದಿಗೆ ಇನ್ನೊಂದು ಎಲೆ ಅಂಟಿಸಿದಂತೆ ಕಾಣುತ್ತದೆ.

ಈಗ ಚಿಗುರದ ತುಂಡಿನ ವಿಷಯ. ಅದನ್ನು ನೀರಿನಿಂದ ತೆಗೆದು ಬೆಳಕಿಗೆ ಹಿಡಿಯಿರಿ. ಅಲ್ಲಿ ಇರುವುದು ಎಲೆ ಮತ್ತು ತೊಟ್ಟು ಮಾತ್ರ, ಕಾಂಡ ಇಲ್ಲ. ಬೇರು ಬಂದ ತುಂಡನ್ನು ಪಕ್ಕದಲ್ಲಿಟ್ಟು ನೋಡಿ: ತೊಟ್ಟು ಕಾಂಡವನ್ನು ಕೂಡುವಲ್ಲಿ ಉಂಗುರದಂಥ ಗೆರೆ, ಅದರ ಬಳಿ ಸಾಸಿವೆ ಕಾಳಿನಷ್ಟು ಕಂದು ಗುಬ್ಬಿ, ಆ ಗುಬ್ಬಿಯಿಂದ ಹೊರಟ ಬಿಳಿ ಬೇರು. ಅದೇ ಗೆಣ್ಣು. ಬಳ್ಳಿಯ ಜೀವವೆಲ್ಲ ಅಲ್ಲಿದೆ. ಮುಂದಿನ ಚಿಗುರಿನ ಮೊಗ್ಗೂ ಆ ತೊಟ್ಟಿನ ಕಂಕುಳಲ್ಲೇ ಮಲಗಿರುತ್ತದೆ. ಗೆಣ್ಣಿಲ್ಲದ ಎಲೆ ತಿಂಗಳುಗಟ್ಟಲೆ ಹಸಿರಾಗಿರಬಹುದು, ಬಳ್ಳಿ ಮಾತ್ರ ಆಗುವುದಿಲ್ಲ.

ಕಾಳುಮೆಣಸು ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬುಡದಿಂದ ನೆಲಕ್ಕೆ ಹರಿಯುವ ಹಬ್ಬು ಬಳ್ಳಿಯನ್ನು ಫೆಬ್ರವರಿ-ಮಾರ್ಚ್ ಹೊತ್ತಿಗೆ ಕತ್ತರಿಸಿ, ಎರಡು ಮೂರು ಗೆಣ್ಣಿನ ತುಂಡು ಮಾಡಿ, ಪಾಲಿಥಿನ್ ಚೀಲಕ್ಕೆ ಊರಿ, ಮಳೆ ಹಿಡಿದಾಗ ಮರದ ಬುಡಕ್ಕೆ ನೆಡುತ್ತಾರೆ. ವೀಳ್ಯದೆಲೆಯ ಬಳ್ಳಿಗೂ ಅದೇ ಲೆಕ್ಕ. ಮನೆಯೊಳಗಿನ ಬಳ್ಳಿಗೂ ಅದೇ ಕೈ ಸಾಕು. ಗೆಣ್ಣಿನಿಂದ ಒಂದು ಬೆರಳು ಕೆಳಗೆ ಹರಿತವಾದ ಚಾಕುವಿನಿಂದ ಕತ್ತರಿಸಿ. ತುಂಡಿಗೆ ಒಂದೆರಡು ಗೆಣ್ಣು, ಒಂದೆರಡು ಎಲೆ ಇರಲಿ. ಗೆಣ್ಣು ನೀರೊಳಗೆ, ಎಲೆ ಹೊರಗೆ. ನಲ್ಲಿ ನೀರಾದರೆ ಒಂದು ರಾತ್ರಿ ಹಿಡಿದಿಟ್ಟು ಬಳಸಿ, ನಾಲ್ಕೈದು ದಿನಕ್ಕೊಮ್ಮೆ ಬದಲಿಸಿ. ಬೇರು ಎರಡು ಇಂಚು ಆದೊಡನೆ ಮಣ್ಣಿಗೆ ಹಾಕಿ. ನೀರಿನಲ್ಲೇ ಬಹಳ ದಿನ ಬಿಟ್ಟರೆ ಆ ಬೇರಿಗೆ ಮಣ್ಣು ಒಗ್ಗುವುದು ತಡ. ಬೇರು ಬರಿಸುವ ಪುಡಿ ಕೊಳ್ಳಬೇಡಿ, ಈ ಬಳ್ಳಿಗಳಿಗೆ ಅದರ ಅಗತ್ಯವೇ ಇಲ್ಲ.

ಪ್ರಶ್ನೆ: ಮೂರು ವರ್ಷದಿಂದ ಚಾವಡಿಯಲ್ಲಿ ತೂಗುಹಾಕಿದ ಮನಿ ಪ್ಲಾಂಟ್ ಪ್ರತಿ ಆಷಾಢದಲ್ಲಿ ಹಳದಿಯಾಗುತ್ತದೆ. ನೀರು ಕಡಿಮೆಯಾಯಿತೇನೋ ಎಂದು ಇನ್ನೂ ಹಾಕುತ್ತೇನೆ. — ಜೊಯಿಡಾ

ಉತ್ತರ: ದಯವಿಟ್ಟು ಇವತ್ತೇ ನೀರು ನಿಲ್ಲಿಸಿ. ನಿಮ್ಮ ತಾಲ್ಲೂಕಿನ ಮಳೆಯ ಬಗ್ಗೆ ನಾನು ಹೇಳಬೇಕೆ? ಹೊದೆಯುವ ಕಂಬಳಿಯೇ ಒಣಗದ ತಿಂಗಳುಗಳಲ್ಲಿ ಕುಂಡದ ಮಣ್ಣು ಹೇಗೆ ಒಣಗೀತು? ಮೋಡದ ಬೆಳಕಿನಲ್ಲಿ ಎಲೆ ನೀರನ್ನು ಹೆಚ್ಚು ಬಳಸುವುದೂ ಇಲ್ಲ. ಮಣ್ಣಿನ ಸಂದಿಯಲ್ಲಿ ಗಾಳಿ ಇಲ್ಲದೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತುವುದಿಲ್ಲ, ಹಾಗಾಗಿ ನೀರಿನಲ್ಲೇ ನಿಂತ ಗಿಡ ಬಾಯಾರಿದಂತೆ ಬಾಡುತ್ತದೆ. ನೀವು ಅದನ್ನು ನೋಡಿ ಇನ್ನೂ ನೀರು ಹಾಕುತ್ತೀರಿ. ಈ ತಪ್ಪು ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ಪಂಚಾಂಗ ನೋಡಿ ನೀರು ಹಾಕಬೇಡಿ, ಕುಂಡವನ್ನು ಎತ್ತಿ ನೋಡಿ. ಹಗುರವಾದಾಗ, ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿದರೂ ಮಣ್ಣು ಅಂಟದಿದ್ದಾಗ ಹಾಕಿ. ಜುಲೈ ತಿಂಗಳಲ್ಲಿ ಅದು ಹದಿನೈದು ದಿನಕ್ಕೊಮ್ಮೆಯೂ ಇರಬಹುದು, ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆಯೂ ಇರಬಹುದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಸೊಳ್ಳೆಗೂ ಅದೇ ತೊಟ್ಟಿಲು.

ಮಣ್ಣೂ ಬದಲಾಗಬೇಕು. ನಮ್ಮ ಕೆಮ್ಮಣ್ಣನ್ನು ಹಾಗೇ ತುಂಬಿದರೆ ಎರಡು ಮಳೆಗೆ ಇಟ್ಟಿಗೆಯಾಗುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಮೇಲೆ ಎರಡು ಹಿಡಿ ಸುಟ್ಟ ಭತ್ತದ ಹೊಟ್ಟು. ಹಳಿಯಾಳ, ಮುಂಡಗೋಡ ಭತ್ತದ ಸೀಮೆ, ಹೊಟ್ಟಿಗೆ ನಿಮಗೇನು ಬರ. ತಳದಲ್ಲಿ ಜಲ್ಲಿ ತುಂಬುವ ರೂಢಿ ಇದೆಯಲ್ಲ, ಅದನ್ನು ಬಿಡಿ. ಜಲ್ಲಿಯ ಮೇಲೆ ನೀರು ಮಣ್ಣಿನಲ್ಲೇ ತಡೆದು ನಿಲ್ಲುತ್ತದೆ, ಬೇರಿಗೆ ಇರುವ ಜಾಗವೂ ಕಡಿಮೆಯಾಗುತ್ತದೆ. ತೂತು ಸರಿಯಾಗಿರಲಿ, ಸಾಕು.

ಈಗಿನ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಬೇರು ಕಂದಾಗಿ, ಚಿವುಟಿದರೆ ಸಿಪ್ಪೆ ಜಾರಿ ಬಂದರೆ ಅದು ಸತ್ತದ್ದು, ಕತ್ತರಿಸಿ. ಬೇರೆಲ್ಲ ಹೋಗಿದ್ದರೂ ಚಿಂತೆಯಿಲ್ಲ, ತುದಿಯ ಬಳ್ಳಿಯಲ್ಲಿ ಗೆಣ್ಣುಗಳು ಇನ್ನೂ ಗಟ್ಟಿಯಾಗಿರುತ್ತವೆ. ಕೋಗಿಲಬನದವರಿಗೆ ಹೇಳಿದಂತೆ ಮಾಡಿ.

ಪ್ರಶ್ನೆ: ನಮ್ಮ ಕಿಟಕಿಯ ಬಳ್ಳಿಯ ಎಲೆ ಅಂಗೈಯಷ್ಟೂ ಇಲ್ಲ. ಎದುರು ಮನೆಯ ಮಾವಿನ ಮರಕ್ಕೆ ಹತ್ತಿದ ಅದೇ ಬಳ್ಳಿಯ ಎಲೆ ಮೊರದಷ್ಟಿದೆ. ಕದ್ದು ತಂದರೆ ಮಾತ್ರ ಚೆನ್ನಾಗಿ ಬೆಳೆಯುತ್ತದೆಯಂತೆ, ನಿಜವೇ? ಇದು ಹೂ ಬಿಡುವುದಿಲ್ಲವೇ? — ದಾಂಡೇಲಿ

ಉತ್ತರ: ಕೇಳಿ ತಂದದ್ದೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ. ಕೇಳಿದರೆ ಕೊಡದವರು ನಮ್ಮ ಊರುಗಳಲ್ಲಿ ಇದ್ದಾರೆಯೇ?

ಮನಿ ಪ್ಲಾಂಟ್ ಇಳಿಯುವಾಗ ಮಗು, ಏರುವಾಗ ದೊಡ್ಡದು. ಗೆಣ್ಣಿನ ಬೇರು ಮರವನ್ನೋ ಗೋಡೆಯನ್ನೋ ಹಿಡಿದು ಬೆಳಕಿನ ಕಡೆ ಏರತೊಡಗಿದ ಮೇಲೆ ಎಲೆ ಹಿರಿದಾಗುತ್ತಾ ಹೋಗಿ ಕೊನೆಗೆ ಅಂಚು ಸೀಳುತ್ತದೆ. ಜೋತುಬಿದ್ದ ಬಳ್ಳಿ ಎಳೆಯ ರೂಪದಲ್ಲೇ ಉಳಿಯುತ್ತದೆ. ನಿಮಗೆ ದೊಡ್ಡ ಎಲೆ ಬೇಕಾದರೆ ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ನಾರನ್ನು ತೇವವಾಗಿಟ್ಟು ಬಳ್ಳಿಯನ್ನು ಅದಕ್ಕೆ ಕಟ್ಟಿ. ತೂಗುವ ಚೆಂದವೇ ಬೇಕಾದರೆ ಸಣ್ಣ ಎಲೆಯನ್ನು ಒಪ್ಪಿಕೊಳ್ಳಿ, ಪೂರ್ವದ ಕಿಟಕಿಯ ಹತ್ತಿರ ತಂದಿಡಿ. ಹಳದಿ ಪಟ್ಟೆ ಮಾಸಿ ಬರೀ ಹಸಿರಾಗುತ್ತಿದ್ದರೆ ಅದು ಬೆಳಕು ಸಾಲದ ಗುರುತು. ಬೇಸಿಗೆ ಮಧ್ಯಾಹ್ನದ ನೇರ ಬಿಸಿಲು ಮಾತ್ರ ಎಲೆ ಸುಡುತ್ತದೆ.

ಹೂವಿನ ಪ್ರಶ್ನೆ ಬಹಳ ಒಳ್ಳೆಯದು. ಈ ಬಳ್ಳಿಯ ತವರು ಶಾಂತಸಾಗರದ ನಡುವಿನ ಮೊರೆಯಾ ಎಂಬ ಪುಟ್ಟ ದ್ವೀಪ. ತಾನಾಗಿ ಹೂ ಬಿಟ್ಟದ್ದು ಕೊನೆಯ ಬಾರಿ ದಾಖಲಾದದ್ದು 1964ರಲ್ಲಿ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ಒಂದು ವಂಶವಾಹಿ ಇದರಲ್ಲಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹೂವಿಲ್ಲ, ಬೀಜವಿಲ್ಲ. ಹಾಗಿದ್ದೂ ದಾಂಡೇಲಿಯ ಕಿಟಕಿಯವರೆಗೆ ಬಂದಿದೆ ಎಂದರೆ ಕೈಯಿಂದ ಕೈಗೆ, ಗೆಣ್ಣಿನಿಂದ ಗೆಣ್ಣಿಗೆ ಬಂದದ್ದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಒಂದು ಎಚ್ಚರಿಕೆ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್ ಎರಡೂ ಕೆಸುವಿನ ಕುಟುಂಬದವು. ಹುಣಸೆಹಣ್ಣು ಕಡಿಮೆಯಾದ ಪತ್ರೊಡೆ ತಿಂದವರಿಗೆ ಗಂಟಲ ತುರಿಕೆ ಗೊತ್ತಿದೆ. ಸೂಜಿಯಂಥ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಈ ಎಲೆಗಳಲ್ಲೂ ಇವೆ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಬಳ್ಳಿಯ ತುದಿ ನೆಲ ಮುಟ್ಟದಿರಲಿ.

ಪ್ರಶ್ನೆ: ಎಲೆಯ ಮೇಲೆ ಬೆಳ್ಳಿ ಪಟ್ಟೆ, ಕೆಳಗೆ ನೇರಳೆ. ಕುಂಡದ ನಡುವೆ ಬೋಳು, ತುದಿಯಲ್ಲಿ ಮಾತ್ರ ಎಲೆ. ನಮ್ಮ ನಾಯಿ ಅದರ ಹತ್ತಿರ ಮಲಗಿ ಹೊಟ್ಟೆ ಕೆರೆದುಕೊಳ್ಳುತ್ತದೆ. — ಮುಂಡಗೋಡ

ಉತ್ತರ: ಟ್ರೆಡೆಸ್ಕ್ಯಾಂಷಿಯಾ ಜೆಬ್ರಿನಾ, ಮೆಕ್ಸಿಕೊ ಕಡೆಯದು. ಇದರ ರಸ ನಾಯಿಗಳ ಮೈಗೆ ತುರಿಕೆ ತರುತ್ತದೆ, ಕೂಡಲೇ ಎತ್ತರಕ್ಕೆ ತೂಗುಹಾಕಿ. ತುರಿಕೆ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ಬುಡ ಬೋಳಾಗುವುದು ಇದರ ಸ್ವಭಾವ. ತುದಿಗಳನ್ನು ಗೇಣುದ್ದಕ್ಕೆ ಕತ್ತರಿಸಿ ಅದೇ ಕುಂಡದ ನಡುವೆ ಊರಿ. ವಾರದೊಳಗೆ ಬೇರು ಬಿಡುತ್ತದೆ.

ಪ್ರಶ್ನೆ: ಮೇಣದಂಥ ಎಲೆಯ ಹೋಯಾ ಬಳ್ಳಿ ಒಮ್ಮೆ ನಕ್ಷತ್ರದಂಥ ಹೂಗೊಂಚಲು ಬಿಟ್ಟಿತು. ಒಣಗಿದ ಹೂತೊಟ್ಟು ಕತ್ತರಿಸಿದೆ. ಮತ್ತೆ ಹೂವೇ ಇಲ್ಲ. ಇಂಥದೇ ಬಳ್ಳಿ ಕಾಡಿನಲ್ಲಿ ಮರದ ಮೇಲೆ ಕಂಡೆ, ತರಬಹುದೇ? — ಹಳಿಯಾಳ

ಉತ್ತರ: ಕತ್ತರಿಸಿದ್ದೇ ಕಾರಣ. ಹೋಯಾ ಅದೇ ಹಳೆಯ ತೊಟ್ಟಿನ ತುದಿಯಿಂದ ವರ್ಷವರ್ಷವೂ ಹೂ ಬಿಡುತ್ತದೆ. ಇನ್ನು ಮುಂದೆ ಅದನ್ನು ಮುಟ್ಟಬೇಡಿ. ಹೊಸ ತೊಟ್ಟು ಬರಲು ಬೆಳಗಿನ ಎರಡು ಗಂಟೆ ಎಳೆಬಿಸಿಲು ಕೊಡಿ, ದೊಡ್ಡ ಕುಂಡಕ್ಕೆ ಬದಲಿಸಬೇಡಿ. ಇಕ್ಕಟ್ಟಿನಲ್ಲೇ ಇದು ಹೂ ಬಿಡುತ್ತದೆ. ಅಂದಹಾಗೆ, ಹೃದಯದಾಕಾರದ ಒಂಟಿ ಹೋಯಾ ಎಲೆಯನ್ನು ಪುಟ್ಟ ಕುಂಡದಲ್ಲಿ ಊರಿ ಉಡುಗೊರೆಗೆ ಮಾರುತ್ತಾರೆ. ಬೇರು ಬಂದರೂ ಗೆಣ್ಣಿಲ್ಲದ ಅದು ಒಂಟಿ ಎಲೆಯಾಗಿಯೇ ಉಳಿಯುತ್ತದೆ.

ಕಾಡಿನಲ್ಲಿ ನೀವು ಕಂಡದ್ದೂ ಹೋಯಾ ಇರಬಹುದು. ಹೋಯಾ ವೈಟಿಯೈ ಪಶ್ಚಿಮ ಘಟ್ಟದ ಮರಗಳ ಮೇಲೆ ಬೆಳೆಯುವ ನಮ್ಮದೇ ಬಳ್ಳಿ. 1810ರಲ್ಲಿ ಈ ಕುಲಕ್ಕೆ ಥಾಮಸ್ ಹೋಯ್ ಎಂಬ ಇಂಗ್ಲೆಂಡಿನ ತೋಟಗಾರನ ಹೆಸರಿಡುವ ಎಷ್ಟೋ ಮೊದಲೇ ಅದು ಇಲ್ಲಿ ಹೂ ಬಿಡುತ್ತಿತ್ತು. ತರಬೇಡಿ. ನಿಮ್ಮ ಸುತ್ತಲಿನ ಕಾಡಿನಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೂ ಸೇರಿದೆ. ಅಭಯಾರಣ್ಯದಿಂದ, ರಾಷ್ಟ್ರೀಯ ಉದ್ಯಾನದಿಂದ ಗಿಡ ಕೀಳುವುದನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಆ ಮರದ ತೊಗಟೆ, ಪಾಚಿ, ಮಂಜು ನಿಮ್ಮ ಕುಂಡದಲ್ಲಿ ಇಲ್ಲ. ಬಳ್ಳಿ ಬದುಕುವುದು ಕಷ್ಟ. ಹೂ ಬಿಟ್ಟಾಗ ಹೋಗಿ ನೋಡಿಕೊಂಡು ಬನ್ನಿ.

ಪ್ರಶ್ನೆ: ಬಳ್ಳಿ ಕತ್ತರಿಸಿದಾಗ ಬುಟ್ಟಿಗಟ್ಟಲೆ ಕಸ. ಹಿತ್ತಲಾಚೆ ಹಳ್ಳದ ಬದಿಗೆ ಎಸೆಯುತ್ತೇನೆ. ತೊಂದರೆ ಇಲ್ಲವಲ್ಲ? — ಕೋಗಿಲಬನ

ಉತ್ತರ: ತೊಂದರೆ ಇದೆ. ಮೊದಲ ಪತ್ರದ ಉತ್ತರದಲ್ಲಿ ನಾನು ಹೊಗಳಿದ ಗೆಣ್ಣೇ ಇಲ್ಲಿ ಕಂಟಕ. ಹಳ್ಳದ ನೀರು ಆ ತುಂಡುಗಳನ್ನು ಕಾಳಿ ನದಿಯ ದಡಕ್ಕೆ ಒಯ್ಯುತ್ತದೆ, ಒಂದೊಂದು ಗೆಣ್ಣೂ ಬೇರು ಬಿಡುತ್ತದೆ. ಶ್ರೀಲಂಕಾದಲ್ಲಿ, ಹವಾಯಿಯಲ್ಲಿ ಮನಿ ಪ್ಲಾಂಟ್ ತೋಟದಿಂದ ಕಾಡಿಗೆ ಇಳಿದು ನೆಲವನ್ನೆಲ್ಲ ಹೊದ್ದು, ಮರಗಳನ್ನು ಏರಿ, ಅಲ್ಲಿನ ಸಸಿಗಳನ್ನು ಮೇಲೇಳಗೊಡುತ್ತಿಲ್ಲ. ನಮ್ಮ ಕಾಡಂಚಿನ ಲಂಟಾನವನ್ನೂ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದೇ ಭಾರತಕ್ಕೆ ತಂದದ್ದು. ಮಂಗಟ್ಟೆ ಹಕ್ಕಿ ಹಣ್ಣು ತಿಂದು ಬೀಜ ಉದುರಿಸುವ ಜಾಗದಲ್ಲಿ ನಮ್ಮ ಕುಂಡದ ಕಸ ಚಿಗುರಬಾರದು.

ಹಸಿ ತುಂಡನ್ನು ನೇರ ಗೊಬ್ಬರದ ಗುಂಡಿಗೂ ಹಾಕಬೇಡಿ, ಅಲ್ಲೂ ಚಿಗುರುತ್ತದೆ. ಸಿಮೆಂಟಿನ ಅಂಗಳದಲ್ಲೋ ತಗಡಿನ ಮೇಲೋ ಹರಡಿ, ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಿ, ಆಮೇಲೆ ಗುಂಡಿಗೆ ಹಾಕಿ. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ, ಆದ್ದರಿಂದ ಆಗ ಹೆಚ್ಚು ಕತ್ತರಿಸಬೇಡಿ. ಈ ಸಲದ್ದನ್ನು ಈಗಾಗಲೇ ಎಸೆದಿದ್ದರೆ, ಮಳೆ ಜೋರಾಗಿ ಹಳ್ಳ ತುಂಬುವ ಮೊದಲು ಒಮ್ಮೆ ಇಳಿದು ಹೆಕ್ಕಿ ತನ್ನಿ.